ಸವಕಳಿಯೋ, ನಿರ್ವಹಣೆಯ ಕೊರತೆಯೋ? – ನಡುವಯಸ್ಸಿನ ಉದ್ಯಮಿ ಮತ್ತು ವ್ಯಾಯಾಮ

ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳನ್ನು ಅಂತಿಮಗೊಳಿಸುವ ಸಮಯದಲ್ಲಿ ಉದ್ಯಮಿಗಳೆಲ್ಲರೂ ತಮ್ಮ ಯಂತ್ರೋಪಕರಣಗಳ ಮೇಲಿನ ಸವಕಳಿಯನ್ನು ತಪ್ಪದೆ ಲೆಕ್ಕ ಹಾಕಿಸುತ್ತಾರೆ. ಉಪಯೋಗದಿಂದಲೂ ಕಾಲಗತಿಯಿಂದಲೂ ಯಂತ್ರ ಸವೆಯುವುದು ಸಹಜವಾದುದರಿಂದ ಅದಕ್ಕೊಂದು ದರವನ್ನು ಗೊತ್ತುಪಡಿಸಲಾಗಿದೆ. ಆದರೆ ಎಣ್ಣೆ ಹಾಕದೆ, ಬೇರಿಂಗ್ ಬದಲಿಸದೆ ಕೆಟ್ಟುಹೋದ ಲೇತ್ ಯಂತ್ರದ ನಷ್ಟವನ್ನು ಯಾವ ಮಾಲೀಕರೂ ಸವಕಳಿ ಎಂದು ಒಪ್ಪಿಕೊಳ್ಳುವುದಿಲ್ಲ. ಫೋರ್‌ಮನ್‌ನನ್ನು ಕರೆದು ಕಾರಣ ಕೇಳುತ್ತಾರೆ. ಇಷ್ಟು ವಿವೇಚನೆಯುಳ್ಳ ಅದೇ ಮಾಲೀಕರು, ಮೊದಲನೆಯ ಮಹಡಿಯ ಗೋದಾಮಿಗೆ ಏರುವಷ್ಟರಲ್ಲಿ ತಮಗೇ ಏದುಸಿರು ಬಂದಾಗ, ಹತ್ತು ವರ್ಷಗಳಲ್ಲಿ ಸೊಂಟದ ಸುತ್ತಳತೆ ನಾಲ್ಕು ಅಂಗುಲ ಹೆಚ್ಚಿದಾಗ, 'ಐವತ್ತಾಯಿತಲ್ಲ' ಎಂದು ಹೇಳಿ ಸುಮ್ಮನಾಗುತ್ತಾರೆ. ನಷ್ಟವೆಲ್ಲವನ್ನೂ ವಯಸ್ಸಿನ ಖಾತೆಗೆ ಖರ್ಚು ಬರೆದು ಮುಗಿಸುತ್ತಾರೆ.

ಕಳೆದ ಆರೇಳು ದಶಕಗಳಲ್ಲಿ ವೈದ್ಯಕೀಯ ಕ್ಷೇತ್ರದಲ್ಲಿ ನಡೆದಿರುವ ಸಂಶೋಧನೆಗಳನ್ನು ಗಮನಿಸಿದರೆ ಈ ಬರಹ ಬಹುಮಟ್ಟಿಗೆ ತಪ್ಪು ಖಾತೆಗೆ ಬಿದ್ದಿದೆ ಎಂದು ಕಂಡುಬರುತ್ತದೆ. ವಯಸ್ಸಿನಿಂದ ಸವಕಳಿಯೇ ಇಲ್ಲವೆಂದು ಅರ್ಥವಲ್ಲ. ಆದರೆ ನಲವತ್ತರಿಂದ ಅರವತ್ತರವರೆಗಿನ ಅವಧಿಯಲ್ಲಿ ಕಾಣುವ ನಷ್ಟದಲ್ಲಿ ದೊಡ್ಡ ಪಾಲು ನಿರ್ವಹಣೆಯ ಕೊರತೆಯದು. ಆ ಪಾಲನ್ನು ಮರಳಿ ವಸೂಲು ಮಾಡಿಕೊಳ್ಳಲು ಸಾಧ್ಯವಿದೆ.

ಸಣ್ಣ ಉದ್ದಿಮೆಯಲ್ಲಿ ಮಾಲೀಕನ ಆರೋಗ್ಯವು ಕೇವಲ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಚೆಕ್ಕಿಗೆ ಸಹಿ ಹಾಕುವವರು, ಖರೀದಿಯ ದರ ಕುದುರಿಸುವವರು, ಬಾಕಿ ವಸೂಲಿಗೆ ಹೋಗುವವರು, ಬ್ಯಾಂಕ್ ವ್ಯವಸ್ಥಾಪಕರೊಡನೆ ಮಾತನಾಡುವವರು ಎಲ್ಲರೂ ಒಬ್ಬರೇ ಆಗಿರುತ್ತಾರೆ. ಅಂಥವರು ಮೂರು ತಿಂಗಳು ಹಾಸಿಗೆ ಹಿಡಿದರೆ ಕ್ಯಾಶ್ ಕ್ರೆಡಿಟ್ ಖಾತೆಯ ಬಡ್ಡಿ ನಿಲ್ಲುವುದಿಲ್ಲ, ಕೆಲಸಗಾರರ ಸಂಬಳವೂ ನಿಲ್ಲುವುದಿಲ್ಲ. ನಿಲ್ಲುವುದು ವಸೂಲಿ ಮಾತ್ರ. ಪಾಲುದಾರಿಕೆ ಸಂಸ್ಥೆಯಾದರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದ ಪಕ್ಷದಲ್ಲಿ, ಪಾಲುದಾರರೊಬ್ಬರ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುತ್ತದೆಂದು 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 42ನೆಯ ಕಲಮು ಹೇಳುತ್ತದೆ. ಈ ಕಲಮಿನ ಅರಿವು ಬಹಳ ಮನೆತನಗಳಿಗೆ ಆಗುವುದು ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ.

ಡಲ್ಲಾಸ್ ನಗರದ ಐವರು

1966ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ವೈದ್ಯ ವಿಜ್ಞಾನಿಗಳು ಒಂದು ಪ್ರಯೋಗ ನಡೆಸಿದರು. ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರಗಳ ಕಾಲ ಹಾಸಿಗೆಯಿಂದ ಏಳದಂತೆ ಮಲಗಿಸಲಾಯಿತು. ದೇಹವು ಶ್ರಮಪಡುವಾಗ ಒಂದು ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು ಎಂಬುದೇ ಅಲ್ಲಿ ಮುಖ್ಯ ಅಳತೆ. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ ಅದು ದೇಹವೆಂಬ ಯಂತ್ರದ ಸ್ಥಾಪಿತ ಸಾಮರ್ಥ್ಯ. ಮೂರೇ ವಾರಗಳಲ್ಲಿ ಆ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಅನಂತರ ಎಂಟು ವಾರಗಳ ತೀವ್ರ ತರಬೇತಿಯಿಂದ ಅವರೆಲ್ಲರೂ ಚೇತರಿಸಿಕೊಂಡರು.

ಕಥೆ ಅಲ್ಲಿಗೇ ಮುಗಿದಿದ್ದರೆ ಅದನ್ನು ಇಲ್ಲಿ ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಲಾಯಿತು. ಅಷ್ಟರಲ್ಲಿ ಅವರಿಗೆ ಐವತ್ತು ವರ್ಷ. ಸರಾಸರಿ ತೂಕ 77 ಕಿಲೋಗಳಿಂದ 100 ಕಿಲೋಗಳಿಗೆ ಏರಿತ್ತು; ದೇಹದಲ್ಲಿನ ಕೊಬ್ಬಿನ ಪ್ರಮಾಣ ಶೇಕಡಾ 14ರಿಂದ 28ಕ್ಕೆ, ಅಂದರೆ ಎರಡು ಪಟ್ಟಿಗೆ, ಹೋಗಿತ್ತು. ಆದರೂ ಆಮ್ಲಜನಕ ಬಳಕೆಯ ಸಾಮರ್ಥ್ಯ ಕಡಿಮೆಯಾಗಿದ್ದುದು ಶೇಕಡಾ 12ರಷ್ಟು ಮಾತ್ರ. ಯೌವನದಲ್ಲಿ ಮೂರು ವಾರ ಮಲಗಿದ್ದರಿಂದ ಆದ ಹಾನಿಯಷ್ಟನ್ನು ಮೂವತ್ತು ವರ್ಷಗಳ ವಯಸ್ಸೂ ಮಾಡಿರಲಿಲ್ಲ.

ಬಳಿಕ ಆ ಐವರಿಗೆ ಸುಮಾರು ಆರು ತಿಂಗಳ ಕಾಲ ನಡಿಗೆ, ನಿಧಾನ ಓಟ, ಸೈಕಲ್ ತುಳಿತ ಮುಂತಾದವುಗಳನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ ಮಾಡಿಸಲಾಯಿತು. ಕೊನೆಯ ಹಂತದಲ್ಲಿಯೂ ಅದು ವಾರಕ್ಕೆ ನಾಲ್ಕೂವರೆ ಗಂಟೆಗಳಷ್ಟೇ. ಆರು ತಿಂಗಳು ಮುಗಿದಾಗ ಮೂವತ್ತು ವರ್ಷಗಳಲ್ಲಿ ಕಳೆದುಕೊಂಡ ಸಾಮರ್ಥ್ಯ ಪೂರ್ತಿಯಾಗಿ ಮರಳಿ ಬಂದಿತ್ತು. ತೂಕ ಇಳಿದದ್ದು ಮಾತ್ರ ನಾಲ್ಕೂವರೆ ಕಿಲೋಗಳ ಆಸುಪಾಸು. ಮೂವತ್ತು ವರ್ಷಗಳಲ್ಲಿ ಏರಿದ 23 ಕಿಲೋಗಳ ಮುಂದೆ ಇದು ಅಲ್ಪವೇ. ಈ ಎರಡು ಫಲಿತಾಂಶಗಳನ್ನು ವಾಚಕರು ಒಟ್ಟಿಗೆ ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಮಾತೆಲ್ಲವೂ ಅವುಗಳಿಗೆ ಸಂಬಂಧಿಸಿದ್ದೇ ಆಗಿದೆ.

ಐದು ವೋಚರುಗಳನ್ನು ನೋಡಿ ಇಡೀ ವರ್ಷದ ಲೆಕ್ಕವನ್ನು ಒಪ್ಪುವ ಲೆಕ್ಕಪರಿಶೋಧಕನನ್ನು ಯಾರೂ ನಂಬಬಾರದು ಎಂಬ ಆಕ್ಷೇಪಣೆ ಇಲ್ಲಿ ನ್ಯಾಯವಾದದ್ದೇ. ಆದುದರಿಂದ 2018ರಲ್ಲಿ ಅದೇ ಡಲ್ಲಾಸ್‌ನಿಂದ ಪ್ರಕಟವಾದ ಇನ್ನೊಂದು ಅಧ್ಯಯನವನ್ನೂ ನೋಡಬಹುದು. 45ರಿಂದ 64 ವರ್ಷದೊಳಗಿನ, ಹೆಚ್ಚಿನ ಕಾಯಿಲೆಗಳಿಲ್ಲದ ಆದರೆ ಕುಳಿತು ಬದುಕುವ ಅಭ್ಯಾಸದ 61 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಕಾಲ ವಾರಕ್ಕೆ ನಾಲ್ಕೈದು ದಿನ ವ್ಯಾಯಾಮ ಮಾಡಿಸಲಾಯಿತು. ಆ ಗುಂಪಿನವರ ಆಮ್ಲಜನಕ ಬಳಕೆಯ ಸಾಮರ್ಥ್ಯ ಶೇಕಡಾ 18ರಷ್ಟು ಹೆಚ್ಚಿದ್ದಲ್ಲದೆ, ಕುಳಿತು ಕುಳಿತು ಬಿಗಿದಿದ್ದ ಹೃದಯದ ಸ್ನಾಯು ಮತ್ತೆ ಸಡಿಲವಾಗಿ ಹಿಗ್ಗುವಂತಾಯಿತು. ಇದೇ ತಂಡವು ಹಿಂದೆ ಎಪ್ಪತ್ತರ ಸುಮಾರಿನವರಿಗೆ ಒಂದು ವರ್ಷ ತರಬೇತಿ ಕೊಟ್ಟು ನೋಡಿದಾಗ ಹೃದಯದ ಬಿಗಿತ ಸಡಿಲಿಸಿರಲಿಲ್ಲ. ಡಲ್ಲಾಸ್‌ನ ಆ ಐವರನ್ನೂ ನಲವತ್ತನೆಯ ವರ್ಷದಲ್ಲಿ, ಅಂದರೆ ಅವರ ಅರವತ್ತರಲ್ಲಿ, ಮೂರನೆಯ ಬಾರಿ ಪರೀಕ್ಷಿಸಿದಾಗ ಒಟ್ಟು ಕುಸಿತ ಕಾಲು ಭಾಗವನ್ನು ಮೀರಿತ್ತು. ಅಂದರೆ ನಿಜವಾದ ಸವಕಳಿಯೂ ಉಂಟು, ಐವತ್ತು ದಾಟಿದ ಮೇಲೆ ಅದರ ವೇಗವೂ ಹೆಚ್ಚು. 'ಮಗ ವ್ಯಾಪಾರ ವಹಿಸಿಕೊಂಡ ಮೇಲೆ ನೋಡೋಣ' ಎಂದು ಮುಂದೂಡುವವರು ಈ ವಾಯಿದೆಯನ್ನು ಗಮನಿಸಬೇಕು.

ಗದ್ದಿಗೆಯ ಮೇಲಿನ ಹನ್ನೆರಡು ಗಂಟೆ

ಕುಳಿತು ದುಡಿಯುವವರಿಗೂ ನಿಂತು ದುಡಿಯುವವರಿಗೂ ಇರುವ ವ್ಯತ್ಯಾಸ ಮೊದಲು ಸ್ಪಷ್ಟವಾಗಿ ಕಂಡದ್ದು ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ. ಡಾ. ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಅಲ್ಲಿನ ಸಾರಿಗೆ ನೌಕರರ ಅಂಕಿಅಂಶಗಳನ್ನು ಪರಿಶೀಲಿಸಿ 1953ರಲ್ಲಿ ಪ್ರಕಟಿಸಿದ ವರದಿಯಂತೆ, ದಿನವಿಡೀ ಕುಳಿತಿರುವ ಚಾಲಕರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚಾಗಿಯೂ, ಟಿಕೆಟ್ ಕೊಡುತ್ತಾ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಕಡಿಮೆಯಾಗಿಯೂ ಇತ್ತು. ಒಂದೇ ಸಂಸ್ಥೆ, ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಸಂಬಳ. ಮಾರಿಸ್ ಅವರು ಮುಂದೆ ಸಮವಸ್ತ್ರದ ಷರಾಯಿಗಳ ಅಳತೆಯನ್ನೂ ತರಿಸಿ ನೋಡಿದರು; ಚಾಲಕರ ಸೊಂಟ ಕೆಲಸಕ್ಕೆ ಸೇರುವಾಗಲೇ ದೊಡ್ಡದಿತ್ತೆಂದು ತಿಳಿದುಬಂದಿತು. ತಮ್ಮ ಸಿದ್ಧಾಂತಕ್ಕೆ ತೊಡಕಾಗುವ ಆ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ. ಆದರೆ ಅನಂತರದ ದಶಕಗಳ ಅನೇಕ ಅಧ್ಯಯನಗಳಲ್ಲಿ ಮೂಲ ತೀರ್ಮಾನ ಉಳಿದುಕೊಂಡಿತು.

ಎಪಿಎಂಸಿ ಪ್ರಾಂಗಣದ ಸಗಟು ವ್ಯಾಪಾರಿಯೊಬ್ಬರ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಬೆಳಿಗ್ಗೆ ಮನೆಯ ಬಾಗಿಲಿನಿಂದ ಅಂಗಡಿಯ ಬಾಗಿಲಿನವರೆಗೆ ಸ್ಕೂಟರ್ ಅಥವಾ ಕಾರು. ಅಲ್ಲಿಂದ ರಾತ್ರಿಯವರೆಗೆ ಗದ್ದಿಗೆ. ಟೆಂಡರು ನೋಡಲು ಗುಮಾಸ್ತ, ಚಹಾ ತರಲು ಹುಡುಗ, ಬ್ಯಾಂಕಿಗೆ ಹೋಗಲು ಇನ್ನೊಬ್ಬ. ಈಗಂತೂ ಬ್ಯಾಂಕೇ ಮೊಬೈಲಿನೊಳಗೆ ಬಂದು ಕುಳಿತಿರುವುದರಿಂದ ಅಷ್ಟು ದೂರವೂ ಉಳಿದಿಲ್ಲ. ಕೈಗಾರಿಕಾ ವಸಾಹತಿನ ಸಣ್ಣ ತಯಾರಕರ ಸ್ಥಿತಿ ತುಸು ಉತ್ತಮವೆಂದು ತೋರಿದರೂ, ಗಾಜಿನ ಕೋಣೆಯಲ್ಲಿ ಕುಳಿತು ಸಿಸಿಟಿವಿ ಪರದೆಯಲ್ಲಿ ಶಾಪ್ ಫ್ಲೋರ್ ನೋಡುವ ಅನುಕೂಲ ಬಂದ ಮೇಲೆ ಅವರ ಸುತ್ತಾಟವೂ ತಗ್ಗಿದೆ. ಅದೇ ಅಂಗಡಿಯ ಮುಂದೆ ಹಮಾಲರು ದಿನವಿಡೀ ಚೀಲ ಹೊರುತ್ತಾರೆ. (ಹಮಾಲರ ದುಡಿಮೆಯನ್ನು ವ್ಯಾಯಾಮವೆಂದು ಕರೆಯುವುದು ಸರಿಯಲ್ಲ. ವಿಶ್ರಾಂತಿಯಿಲ್ಲದ ಅತಿಭಾರ ಬೆನ್ನನ್ನೂ ಮೊಣಕಾಲನ್ನೂ ಹಾಳುಮಾಡುತ್ತದೆ. ಪ್ರಾಂಗಣದಲ್ಲಿ ಒಬ್ಬರಿಗೆ ಶ್ರಮ ಹೆಚ್ಚಾಗಿಯೂ ಇನ್ನೊಬ್ಬರಿಗೆ ಇಲ್ಲವಾಗಿಯೂ ಇರುವುದು ಇಬ್ಬರ ಆರೋಗ್ಯಕ್ಕೂ ಕೇಡು.)

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ರಾಷ್ಟ್ರವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಗಿದ್ದು, ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಶೇಕಡಾ 35ರಷ್ಟು ಜನರಿಗೆ ರಕ್ತದೊತ್ತಡ, ಶೇಕಡಾ 39ಕ್ಕೂ ಮೇಲ್ಪಟ್ಟವರಿಗೆ ಹೊಟ್ಟೆಯ ಬೊಜ್ಜು.

ತೂಕದ ಜಮಾ-ಖರ್ಚು

'ನಲವತ್ತರ ನಂತರ ದೇಹದ ಉರಿ ತಗ್ಗುತ್ತದೆ, ಆದ್ದರಿಂದ ತಿಂದದ್ದೆಲ್ಲ ಮೈಗೆ ಹತ್ತುತ್ತದೆ' ಎಂಬ ನಂಬಿಕೆ ವ್ಯಾಪಕವಾಗಿದೆ. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ, 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಳಗೊಂಡ ಅಧ್ಯಯನವು ಇದನ್ನು ತಳ್ಳಿಹಾಕಿತು. ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದರೆ ಶಕ್ತಿಯ ದೈನಂದಿನ ಖರ್ಚು 20ನೆಯ ವಯಸ್ಸಿನಿಂದ 60ರವರೆಗೆ ಹೆಚ್ಚುಕಡಿಮೆ ಸ್ಥಿರವಾಗಿಯೇ ಇರುತ್ತದೆ. ಇಳಿಮುಖವಾಗುವುದು ಅರವತ್ತರ ಬಳಿಕ. ನಡುವಯಸ್ಸಿನ ಬೊಜ್ಜಿಗೆ ವಯಸ್ಸನ್ನು ಹೊಣೆ ಮಾಡುವುದಕ್ಕೆ ಈ ಕಾರಣ ಒದಗುವುದಿಲ್ಲ.

ಹಾಗಾದರೆ ವ್ಯಾಯಾಮದಿಂದ ತೂಕ ಎಷ್ಟು ಇಳಿಯುತ್ತದೆ? ಇಲ್ಲಿ ಜಾಹೀರಾತುಗಳ ಮಾತು ಬಿಟ್ಟು ಲೆಕ್ಕವನ್ನೇ ಹಾಕಬೇಕು. 75 ಕಿಲೋ ತೂಕದ ವ್ಯಕ್ತಿ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 200ರಿಂದ 250 ಕ್ಯಾಲರಿ. ವಾರಕ್ಕೆ ಐದು ದಿನವೆಂದರೆ ತಿಂಗಳಿಗೆ ಐದು ಸಾವಿರದ ಒಳಗೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700 ಕ್ಯಾಲರಿ. ಆಹಾರದಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ತಿಂಗಳಿಗೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಇಳಿಯಬಹುದು, ಅದೂ ಕಾಗದದ ಮೇಲೆ. ವಾಸ್ತವದಲ್ಲಿ ಹಸಿವು ಹೆಚ್ಚುತ್ತದೆ, ದೇಹವು ಉಳಿದ ಸಮಯದಲ್ಲಿ ಮಿತವ್ಯಯ ಮಾಡುತ್ತದೆ, ಆದ್ದರಿಂದ ಇಳಿಕೆ ಇದಕ್ಕಿಂತಲೂ ಕಡಿಮೆ. ನಡಿಗೆ ಮುಗಿಸಿ ಗೆಳೆಯರೊಡನೆ ಹೋಟೆಲಿಗೆ ಹೋಗಿ ಎರಡು ಉದ್ದಿನ ವಡೆ ಮತ್ತು ಕಾಫಿ ತೆಗೆದುಕೊಂಡರೆ ಆ ದಿನದ ಖರ್ಚೆಲ್ಲ ಅಲ್ಲಿಯೇ ಜಮಾ ಆಗುತ್ತದೆ. ರಾಜ್ಯದ ಯಾವ ಊರಿನ ಉದ್ಯಾನದ ಮುಂದೆ ನೋಡಿದರೂ ಬೆಳಗಿನ ಏಳು ಗಂಟೆಗೆ ಈ ಜಮಾ ನಡೆಯುತ್ತಿರುತ್ತದೆ.

ಇದಕ್ಕೆ ಪ್ರತಿಯಾಗಿ ಅಂಗಡಿಯ ಚಹಾದ ಲೆಕ್ಕವನ್ನು ನೋಡಬೇಕು. ಬಂದ ಗಿರಾಕಿಗೆ, ದಲ್ಲಾಳಿಗೆ, ಲಾರಿ ಏಜೆಂಟರಿಗೆ ಚಹಾ ತರಿಸಿದಾಗಲೆಲ್ಲ ಮಾಲೀಕರೂ ಒಂದು ಲೋಟ ಕುಡಿಯುವುದು ಮರ್ಯಾದೆಯ ಪ್ರಶ್ನೆ. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಸಕ್ಕರೆಯೊಂದರಿಂದಲೇ 240 ಕ್ಯಾಲರಿ. ಮುಕ್ಕಾಲು ಗಂಟೆಯ ನಡಿಗೆಗೆ ಇದು ಸರಿಸಮ, ಅದೂ ರಜೆಯಿಲ್ಲದೆ ತಿಂಗಳ ಮೂವತ್ತು ದಿನ. ಸಕ್ಕರೆಯಿಲ್ಲದ ಚಹಾವನ್ನು ರೂಢಿಸಿಕೊಂಡವರು ಒಂದು ಹೆಜ್ಜೆಯನ್ನೂ ಇಡದೆ ಅಷ್ಟನ್ನು ಉಳಿಸಿದಂತಾಯಿತು. ಅದೇ ರೀತಿ ರಾತ್ರಿ ಹತ್ತು ಗಂಟೆಗೆ ಅಂಗಡಿ ಮುಚ್ಚಿ ಬಂದು ಮಾಡುವ ಊಟದಲ್ಲಿ ಅನ್ನದ ಒಂದು ಸೌಟನ್ನು ತಗ್ಗಿಸಿ ಕಾಳು-ಪಲ್ಯವನ್ನು ಹೆಚ್ಚಿಸುವುದೂ ಉಪಯುಕ್ತ. ತೂಕ ಇಳಿಸುವ ಕೆಲಸದ ಹೆಚ್ಚಿನ ಪಾಲು ಅಡುಗೆಮನೆಯದು. ಇಳಿದ ತೂಕ ಮತ್ತೆ ಏರದಂತೆ ಹಿಡಿದಿಡುವುದು, ಸ್ನಾಯುಗಳು ಕರಗದಂತೆ ಕಾಯುವುದು, ಉಸಿರಿನ ಸಾಮರ್ಥ್ಯ ಹೆಚ್ಚಿಸುವುದು ವ್ಯಾಯಾಮದ ಕೆಲಸ. ಈ ಎರಡರ ಹೊಣೆಯನ್ನು ಬೆರೆಸುವುದರಿಂದಲೇ ಬಹಳ ಮಂದಿ ಮೂರು ತಿಂಗಳು ನಡೆದು, ತೂಕದ ಯಂತ್ರದ ಮೇಲೆ ನಿಂತು, ನಿರಾಶರಾಗಿ, ಎಲ್ಲವನ್ನೂ ಕೈಬಿಡುತ್ತಾರೆ.

ಹಾಗೆ ಕೈಬಿಡುವುದು ಎಷ್ಟು ದುಬಾರಿ ಎಂಬುದಕ್ಕೆ ಚೆನ್ನೈನ ಅಧ್ಯಯನವೊಂದು ಸಾಕ್ಷಿ. ಡಾ. ಎ. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ, ಸರಾಸರಿ 46 ವರ್ಷದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೋಲಿಕೆಗಾಗಿ ಇರಿಸಿದ್ದ ಗುಂಪಿನಲ್ಲಿ ಶೇಕಡಾ 55 ಜನರಿಗೆ ಕಾಯಿಲೆ ಬಂದಿತು. ದಿನಕ್ಕೆ ಅರ್ಧ ಗಂಟೆಯ ನಡಿಗೆ ಮತ್ತು ಆಹಾರದ ಮಿತಿಯನ್ನು ಪಾಲಿಸಿದ ಗುಂಪಿನಲ್ಲಿ ಅದು ಶೇಕಡಾ 39ಕ್ಕೆ ಇಳಿಯಿತು. ಗಮನಿಸತಕ್ಕ ಅಂಶವೆಂದರೆ, ಈ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂತಹ ಇಳಿಕೆಯೇ ಆಗಿರಲಿಲ್ಲ. ತೂಕದ ಯಂತ್ರ ಏನನ್ನೂ ತೋರಿಸದಿದ್ದಾಗಲೂ ಒಳಗೆ ಲಾಭ ಜಮೆಯಾಗುತ್ತಿತ್ತು.

ತಕ್ಕಡಿಗಿಂತ ಅಳತೆಯ ಟೇಪು

ಆದುದರಿಂದ ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನು ನೋಡುವುದು ಅಗತ್ಯ. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಒಳಭಾಗದಲ್ಲಿ ಬೇಗ ಶೇಖರವಾಗುವುದರಿಂದ ಮಿತಿಗಳನ್ನು ಪಾಶ್ಚಾತ್ಯರಿಗಿಂತ ಕಡಿಮೆ ಇರಿಸಲಾಗಿದೆ: ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್. ಷರಾಯಿಯ ಅಳತೆಯನ್ನು ನಂಬುವಂತಿಲ್ಲ. ಹೊಟ್ಟೆ ಬೆಳೆದಂತೆ ಬೆಲ್ಟು ಕೆಳಗೆ ಜಾರಿ, ಇಪ್ಪತ್ತು ವರ್ಷಗಳ ಹಿಂದಿನ 34 ಅಂಗುಲವೇ ಈಗಲೂ ನಡೆಯುತ್ತಿರುವಂತೆ ಭಾಸವಾಗುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟು, ಟೇಪು ಹಿಡಿಯಬೇಕು. ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಅಳೆಯುವುದು ತೋರಿಕೆಯ ಅಢಾವೆ ಪತ್ರಿಕೆಯಷ್ಟೇ.

ಸ್ನಾಯುಗಳ ವಿಷಯದಲ್ಲಿ ವ್ಯಾಪಾರಿ ವರ್ಗದ ಉಪೇಕ್ಷೆ ಇನ್ನೂ ಹೆಚ್ಚು. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ಬಹುಭಾಗವನ್ನು ಒಳಗೆ ಎಳೆದುಕೊಳ್ಳುವ ಗೋದಾಮು ಸ್ನಾಯುವೇ ಆಗಿದೆ. ಗೋದಾಮು ಚಿಕ್ಕದಾದರೆ ಸರಕು ಹೊರಗಡೆಯೇ ಉಳಿಯುತ್ತದೆ. ತಿಂಗಳಿಗೆ ಹತ್ತು ಕಿಲೋ ಇಳಿಸುವ ಭರವಸೆಯ ಉಪವಾಸ ಪದ್ಧತಿಗಳಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ವೆಗೋವಿ, ಮೌಂಜಾರೊ ಮೊದಲಾದ ಇಂಜೆಕ್ಷನ್‌ಗಳು ಹಸಿವನ್ನು ತಗ್ಗಿಸಿ ತೂಕವನ್ನು ಗಣನೀಯವಾಗಿ ಇಳಿಸುತ್ತವೆ ಎಂಬುದು ನಿಜ. ವೈದ್ಯರ ಮೇಲ್ವಿಚಾರಣೆಯಲ್ಲಿ ಅವು ಕೆಲವರಿಗೆ ಅಗತ್ಯವೂ ಆಗಬಹುದು. ಆದರೆ ಅವುಗಳಿಂದ ಇಳಿಯುವ ತೂಕದಲ್ಲಿಯೂ ಸ್ನಾಯುವಿನ ಪಾಲಿರುವುದರಿಂದ, ಅವನ್ನು ತೆಗೆದುಕೊಳ್ಳುವವರಿಗೆ ವ್ಯಾಯಾಮದ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ.

ಸ್ನಾಯು ಬೆಳೆಸಲು ದುಬಾರಿ ಜಿಮ್ಮಿನ ಸದಸ್ಯತ್ವವೇ ಬೇಕೆಂದಿಲ್ಲ. ಗರಡಿಮನೆಗಳ ಬಸ್ಕಿ ಮತ್ತು ದಂಡ ಈ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಮೊಣಕಾಲು ಸಹಕರಿಸದವರು ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂರಬಹುದು. ನೆಲದ ದಂಡ ಕಷ್ಟವಾದರೆ ಗೋಡೆಗೆ ಕೈಕೊಟ್ಟು ಮಾಡಬಹುದು. ವಾರಕ್ಕೆ ಎರಡು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಆರಂಭಕ್ಕೆ ಸಾಕು.

ಭಾನುವಾರದ ಆಟದ ಅಪಾಯ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ನಿಧನರಾದ ಮೇಲೆ, ವ್ಯಾಯಾಮವೇ ಅಪಾಯವೆಂಬ ಮಾತು ರಾಜ್ಯದಾದ್ಯಂತ ಹರಡಿತು. ಹೃದಯ ತಪಾಸಣೆಗಾಗಿ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಒಬ್ಬರ ಮರಣದಿಂದ ಇಂತಹ ತೀರ್ಮಾನಕ್ಕೆ ಬರುವುದು ಸರಿಯಲ್ಲವಾದರೂ, ಭಯಕ್ಕೆ ಉತ್ತರ ಕೊಡಬೇಕಾದದ್ದು ಅಂಕಿಅಂಶಗಳೇ. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಂತೆ, ವಾರಕ್ಕೊಮ್ಮೆಯೂ ಮೈ ಬಳಲಿಸದವರು ಒಮ್ಮೆಲೇ ತೀವ್ರ ಶ್ರಮಕ್ಕಿಳಿದರೆ ಅವರಿಗೆ ಆ ಗಂಟೆಯಲ್ಲಿ ಹೃದಯಾಘಾತವಾಗುವ ಸಂಭವ ವಿಶ್ರಾಂತಿಯ ವೇಳೆಗಿಂತ ನೂರು ಪಟ್ಟಿಗೂ ಹೆಚ್ಚು. ವಾರಕ್ಕೆ ಐದು ಅಥವಾ ಅದಕ್ಕೂ ಹೆಚ್ಚು ಬಾರಿ ಶ್ರಮಪಡುವವರಿಗೆ ಅದು ಎರಡೂವರೆ ಪಟ್ಟಿಗಿಂತ ಕಡಿಮೆ. ಮೂಲ ಸಂಭವವೇ ಬಹಳ ಸಣ್ಣದಾದ್ದರಿಂದ ಯಾವುದೋ ಒಂದು ಗಂಟೆಯಲ್ಲಿ ಅನಾಹುತವಾಗುವುದು ವಿರಳ. ಆದರೂ ಆರು ದಿನ ಗದ್ದಿಗೆಯ ಮೇಲೆ ಕುಳಿತು ಭಾನುವಾರ ಕ್ಲಬ್ಬಿನಲ್ಲಿ ಮಗನ ವಯಸ್ಸಿನವರೊಡನೆ ಎರಡು ಗಂಟೆ ಬ್ಯಾಡ್ಮಿಂಟನ್ ಆಡುವವರು ಯಾವ ಗುಂಪಿಗೆ ಸೇರುತ್ತಾರೆಂದು ಯೋಚಿಸಬೇಕು. ಅಪಾಯವಿರುವುದು ವ್ಯಾಯಾಮದಲ್ಲಲ್ಲ, ಅದರ ಅನಿಯಮಿತತೆಯಲ್ಲಿ.

ನಡೆಯುವಾಗ ಎದೆಯಲ್ಲಿ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ಅಸಹಜ ಏದುಸಿರು, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಯೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು; 'ಗ್ಯಾಸ್' ಎಂದು ಸೋಡಾ ಕುಡಿದು ಕೂರತಕ್ಕದ್ದಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಅಥವಾ ಮನೆತನದಲ್ಲಿ ಹೃದ್ರೋಗದ ಚರಿತ್ರೆ ಇರುವವರು ಆರಂಭಕ್ಕೆ ಮುನ್ನವೇ ತಪಾಸಣೆ ಮಾಡಿಸಿಕೊಳ್ಳಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿಯೇ ಮುಂದುವರಿದಿರುವವರಿಗೆ ಮುಂಜಾಗ್ರತಾ ತಪಾಸಣೆಯ ವೆಚ್ಚದಲ್ಲಿ 5,000 ರೂಪಾಯಿಗಳವರೆಗೆ, ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೆ, ಕಡಿತವೂ ದೊರೆಯುತ್ತದೆ. ಇದನ್ನು ಕೇಳಿ ಪಡೆಯುವವರು ವಿರಳ. ಇನ್ಸುಲಿನ್ ಮೊದಲಾದ ಔಷಧಿ ಪಡೆಯುವವರಿಗೆ ನಡಿಗೆಯ ವೇಳೆ ಸಕ್ಕರೆಯ ಮಟ್ಟ ಕುಸಿಯುವ ಸಾಧ್ಯತೆ ಇರುವುದರಿಂದ ಜೇಬಿನಲ್ಲಿ ನಾಲ್ಕು ಪೆಪ್ಪರ್‌ಮೆಂಟ್ ಇರಬೇಕು, ಕಾಲಿನಲ್ಲಿ ಚಪ್ಪಲಿಯ ಬದಲು ಸರಿಯಾದ ಷೂ ಇರಬೇಕು.

ಎಷ್ಟು, ಯಾವಾಗ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳ ವ್ಯಾಯಾಮ ಬೇಕು. ವಾರದಲ್ಲಿರುವುದು 10,080 ನಿಮಿಷಗಳು. 150 ಎಂದರೆ ಶೇಕಡಾ ಒಂದೂವರೆ. ನಗದು ರಿಯಾಯಿತಿಯಾಗಿ ಯಾವ ವ್ಯಾಪಾರಿಯೂ ಇದಕ್ಕಿಂತ ಹೆಚ್ಚನ್ನು ಕೊಟ್ಟೇ ಇರುತ್ತಾರೆ. ಮಧ್ಯಮ ಶ್ರಮವೆಂದರೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಅಂಗಡಿಯ ವಿಷಯವನ್ನು ವಿಸ್ತಾರವಾಗಿ ಚರ್ಚಿಸುತ್ತಾ ಉದ್ಯಾನ ಸುತ್ತುವವರು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟ.

ಹಿಂದಿನ ಮಾರ್ಗಸೂಚಿಯಲ್ಲಿ ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ನಿಯಮವಿತ್ತು. 2020ರಲ್ಲಿ ಅದನ್ನು ತೆಗೆದುಹಾಕಲಾಯಿತು. ಇದು ವ್ಯಾಪಾರಿಗಳಿಗೆ ಬಹಳ ಅನುಕೂಲಕರ. ಮಧ್ಯಾಹ್ನದ ಊಟವಾದ ಮೇಲೆ ಗದ್ದಿಗೆಗೆ ಒರಗುವ ಬದಲು ಪ್ರಾಂಗಣದಲ್ಲಿ ಹತ್ತು ನಿಮಿಷ ಸುತ್ತಿದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ. ಫೋನು ಬಂದಾಗ ಎದ್ದು ನಡೆಯುತ್ತಾ ಮಾತನಾಡಬಹುದು. ಕಾರ್ಖಾನೆಯವರು ದಿನಕ್ಕೆರಡು ಬಾರಿ ಶಾಪ್ ಫ್ಲೋರ್ ಸುತ್ತಿದರೆ ತಿರಸ್ಕೃತ ಮಾಲಿನ ರಾಶಿಯೂ ಕಣ್ಣಿಗೆ ಬೀಳುತ್ತದೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳೆಂಬ ಪ್ರಸಿದ್ಧ ಗುರಿಗೆ ಅಂಜಬೇಕಾಗಿಲ್ಲ. ಅದು ವೈದ್ಯರ ಲೆಕ್ಕವಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರು. ಮಾರಾಟ ತಂತ್ರವಾಗಿ ಅದಕ್ಕೆ ಪೂರ್ಣಾಂಕ. ಮೊದಲ ಎರಡು ವಾರ ಸಮತಟ್ಟಾದ ದಾರಿಯಲ್ಲಿ ದಿನಕ್ಕೆ ಹದಿನೈದು ನಿಮಿಷ ಸಾಕು. ಅನಂತರ ವಾರಕ್ಕೆ ಐದೈದು ನಿಮಿಷ ಸೇರಿಸುತ್ತಾ ಹೋಗಬೇಕು. ಎರಡು ತಿಂಗಳ ಬಳಿಕ ನಡುನಡುವೆ ಒಂದೊಂದು ನಿಮಿಷ ವೇಗ ಹೆಚ್ಚಿಸಬಹುದು, ಅಥವಾ ಏರುದಾರಿ ಹಿಡಿಯಬಹುದು. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ, ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇದಕ್ಕಾಗಿಯೇ ಇರುವಂತಿವೆ. ಆದರೆ ಸಾವಿರ ಮೆಟ್ಟಿಲು ಮೊದಲನೆಯ ತಿಂಗಳ ಕೆಲಸವಲ್ಲ.

ನಿಯಮ ಮುರಿಯುವುದು ಯಾವಾಗಲೂ ಗೊತ್ತಾದ ತಾರೀಖುಗಳಲ್ಲಿಯೇ. ತಿಂಗಳ 11 ಮತ್ತು 20ರ ಜಿಎಸ್‌ಟಿ ರಿಟರ್ನುಗಳು, ಮುಂಗಡ ತೆರಿಗೆಯ ಕಂತುಗಳು, ದೀಪಾವಳಿಯ ವ್ಯಾಪಾರ, ಮಾರ್ಚ್ ತಿಂಗಳ ದಾಸ್ತಾನು ತಪಾಸಣೆ ಇವುಗಳಲ್ಲಿ ಒಂದು ಬಂದಾಗ ನಡಿಗೆ ನಿಲ್ಲುತ್ತದೆ. ನಿಂತದ್ದು ಮತ್ತೆ ಆರಂಭವಾಗಲು ಯುಗಾದಿಯೇ ಬರಬೇಕು. ಮೂರು ವಾರಗಳ ಬಿಡುವು ಏನು ಮಾಡಬಲ್ಲದೆಂಬುದನ್ನು ಡಲ್ಲಾಸ್‌ನ ಯುವಕರು ತೋರಿಸಿದ್ದಾರೆ. ಆದ್ದರಿಂದ ಇಂತಹ ದಿನಗಳಿಗೆ ಪ್ರತ್ಯೇಕವಾದ ಕನಿಷ್ಠ ಪ್ರಮಾಣವೊಂದನ್ನು ಮೊದಲೇ ಗೊತ್ತುಪಡಿಸಿಕೊಂಡಿರುವುದು ಲೇಸು. ಅಂಗಡಿಯ ಬೀಗ ತೆಗೆಯುವ ಮುನ್ನ ಹತ್ತು ನಿಮಿಷ ನಡಿಗೆ, ಹತ್ತು ಬಸ್ಕಿ ಇದ್ದರೂ ಸಾಲ್ದು ಎನಿಸದು. ಸೊಂಟದ ಅಳತೆಯನ್ನು ಪ್ರತಿ ತಿಂಗಳ ಮೊದಲನೆಯ ತಾರೀಖು, ಗೋದಾಮಿನ ಮೆಟ್ಟಿಲು ಹತ್ತಿದ ಒಂದು ನಿಮಿಷದ ಬಳಿಕದ ನಾಡಿಬಡಿತವನ್ನೂ ಅದೇ ದಿನ, ಕೀರ್ದಿಯ ಕೊನೆಯ ಪುಟದಲ್ಲಿ ಬರೆದಿಟ್ಟರೆ ಆರು ತಿಂಗಳಿಗೊಮ್ಮೆ ತಾಳೆ ನೋಡಲು ಅನುಕೂಲವಾಗುತ್ತದೆ.